ನೆಂಟರು ಬಂದರೆ ನಾಯಿಗೇಕೆ ಗಾಬರಿ?

"ಏನೂ ಮಾಡಲ್ಲ, ಬನ್ನಿ ಬನ್ನಿ" ಎಂದು ಮನೆಯವರು ಕರೆಯುತ್ತಾರೆ. ನೆಂಟರು ಧೈರ್ಯ ಮಾಡಿ ಒಳಗೆ ಬಂದು, ನಾಯಿಯನ್ನೇ ನೋಡುತ್ತಾ ತಲೆ ಸವರಲು ಕೈ ಚಾಚುತ್ತಾರೆ. ನಾಯಿ ಮೂಗು ನೆಕ್ಕಿಕೊಳ್ಳುತ್ತದೆ. ನಿದ್ದೆ ಬರದಿದ್ದರೂ ಆಕಳಿಸುತ್ತದೆ. ಮುಖ ಆಚೆ ತಿರುಗಿಸಿ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ. ಇದೆಲ್ಲ ‘ದೂರ ಇರಿ’ ಅನ್ನೋ ಮಾತು. ಯಾರೂ ಗಮನಿಸದಿದ್ದಾಗ ಗುರ್ ಅನ್ನುತ್ತದೆ. ಬೈಗುಳ ತಿನ್ನುತ್ತದೆ.

ಬೈದರೆ ಗುರುಗುಟ್ಟುವುದು ನಿಲ್ಲಬಹುದು, ಹೆದರಿಕೆ ನಿಲ್ಲುವುದಿಲ್ಲ. ಎಚ್ಚರಿಕೆ ಕೊಡದೆ ನೇರವಾಗಿ ಕಚ್ಚುವ ಅಭ್ಯಾಸ ಹೀಗೂ ಶುರುವಾಗುತ್ತದೆ.

ಬೊಗಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೊರಿಯರ್ ಹುಡುಗ ಬೆಲ್ ಒತ್ತುತ್ತಾನೆ, ನಾಯಿ ಬೊಗಳುತ್ತದೆ, ಅವನು ಪಾರ್ಸೆಲ್ ಕೊಟ್ಟು ಹೊರಡುತ್ತಾನೆ. ಹೇಗಿದ್ದರೂ ಅವನು ಹೊರಡುವವನೇ. ಆದರೆ ನಾಯಿಯ ಪಾಲಿಗೆ ಅವನನ್ನು ಓಡಿಸಿದ್ದು ಅದರ ಬೊಗಳು. ದಿನಾ ಗೆಲ್ಲುವ ಉಪಾಯವನ್ನು ಯಾರು ತಾನೇ ಬಿಡ್ತಾರೆ?

ಇದಕ್ಕೆ ಮದ್ದು ಸಿಕ್ಕಿದ್ದು ನಾಯಿಯಿಂದಲ್ಲ, ಒಂದು ಮಗುವಿನಿಂದ. 1924ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದರು. ಅವನಿಗೆ ಮೊಲ ಕಂಡರೆ ಭಯ. ಅವನು ಇಷ್ಟದ ತಿಂಡಿ ತಿನ್ನುವಾಗ ಪಂಜರದ ಮೊಲವನ್ನು ದೂರದಲ್ಲಿಟ್ಟು, ಅವನು ಅಳದಷ್ಟೇ ಹತ್ತಿರಕ್ಕೆ ತರುತ್ತಾ ಹೋದರು. ಕೊನೆಗೆ ಪೀಟರ್ ಮೊಲವನ್ನು ತಾನಾಗಿಯೇ ಮುಟ್ಟಿದ.

ನಾಯಿಗೂ ಇದೇ ದಾರಿ. ಮೊದಲು ನೆಂಟರು ಬೇಡ, ಬೆಲ್ ಸಾಕು. ಮೊಬೈಲಿನಲ್ಲಿ ಬೆಲ್ ಸದ್ದು ರೆಕಾರ್ಡ್ ಮಾಡಿ ಮೆಲ್ಲಗೆ ಕೇಳಿಸಿ. ಸದ್ದಾದ ತಕ್ಷಣ ಬೇಯಿಸಿದ ಚಿಕನ್ ಚೂರು ಕೊಡಿ. ಸದ್ದು ಮೊದಲು, ತಿಂಡಿ ಆಮೇಲೆ. ಹಿಂದುಮುಂದಾದರೆ ತಿಂಡಿ ಕಂಡರೇ ನಾಯಿಗೆ ಅನುಮಾನ ಶುರುವಾಗಬಹುದು. ಚಿಕನ್ ಮೂಸಿಯೂ ನೋಡದಿದ್ದರೆ ಸದ್ದು ಜಾಸ್ತಿಯಾಯಿತು ಅಂತ ತಿಳಿಯಿರಿ. ಗಾಬರಿಯಾದಾಗ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ, ಹಸಿವು ಹಿಂದೆ ಸರಿಯುತ್ತದೆ.

ಹೆದರಿದಾಗ ತಿಂಡಿ ಕೊಟ್ಟರೆ ಹೆದರಿಕೆಗೇ ಬಹುಮಾನ ಕೊಟ್ಟಂತೆ ಅಲ್ವಾ? ಅಲ್ಲ. ಹೆದರಿಕೆ ನಾಯಿ ಬೇಕೆಂದು ಮಾಡುವ ಕೆಲಸವಲ್ಲ.

ಆಮೇಲೆ ಪರಿಚಿತರೊಬ್ಬರನ್ನು ಕರೆಯಿರಿ. ಅವರು ದೂರದಲ್ಲಿ ಸುಮ್ನೆ ಕೂರಲಿ, ನಾಯಿಯನ್ನು ನೋಡುವುದೂ ಬೇಡ, ಮಾತಾಡಿಸುವುದೂ ಬೇಡ. ಕೈಯಿಂದ ತಿನ್ನಿಸುವ ಆಸೆಯನ್ನಂತೂ ಬಿಡಲಿ. ತಿಂಡಿಯಾಸೆಗೆ ಹತ್ತಿರ ಬಂದ ನಾಯಿ, ಚೂರು ಖಾಲಿಯಾದ ಕೂಡಲೇ ತಾನು ಅಪರಿಚಿತರ ಮಗ್ಗುಲಲ್ಲೇ ನಿಂತಿರುವುದನ್ನು ಕಂಡು ಬೆಚ್ಚುತ್ತದೆ. ಅದರ ಬದಲು ನಾಯಿಯ ಹಿಂದಕ್ಕೆ ಎಸೆಯಲಿ. ತಿನ್ನಲು ಅದು ದೂರ ಹೋಗಬೇಕು, ಬೇಕೆನಿಸಿದರೆ ತಾನೇ ವಾಪಸ್ ಬರಬೇಕು.

ಮರಿಗಳು ಹುಟ್ಟಿದ ಸುಮಾರು 3ರಿಂದ 12 ವಾರಗಳಲ್ಲಿ ಹೊಸಬರಿಗೆ ಸುಲಭವಾಗಿ ಒಗ್ಗುತ್ತವೆ. ಆಮೇಲೆ ತಾಳ್ಮೆ ಬೇಕು. ನಮ್ಮ ಮುಧೋಳ ನಾಯಿಗಳಂತೂ ಹೊಸಬರು ಮೈ ಮುಟ್ಟುವುದನ್ನು ಸಾಮಾನ್ಯವಾಗಿ ಇಷ್ಟಪಡುವುದಿಲ್ಲ. ಅವು ದೂರದಲ್ಲಿ ಮಲಗಿದ್ದರೆ ಅಷ್ಟೇ ಸಾಕು.

ಗೃಹಪ್ರವೇಶ, ನಾಮಕರಣದಂಥ ದಿನ ಈ ಪಾಠ ಬೇಡ. ಒಳಕೋಣೆಯಲ್ಲಿ ಅಗಿಯಲು ಏನಾದರೂ ಕೊಟ್ಟು ಬಾಗಿಲು ಹಾಕಿಬಿಡಿ. ಇಷ್ಟು ದಿನ ಸಾಧುವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಬಂದವರ ಮೇಲೆ ಗುರುಗುಟ್ಟಿದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿಯ ಸೋಂಕೋ ಕೀಲುನೋವೋ ಇರಬಹುದು.