ಮಳೆಗಾಲದ ಈಜುಕೊಳಕ್ಕೆ ಅಡುಗೆ ಸೋಡಾ

ಕೊಡಗಿನ ಪ್ಲಾಂಟರುಗಳಿಗೆ ಪಿಎಚ್, ಅಂದರೆ ಹುಳಿಯ ಅಳತೆ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ), ಹೊಸ ವಿಷಯವೇನಲ್ಲ. ಕಾಫಿ ತೋಟದ ಮಣ್ಣು ಪರೀಕ್ಷೆ ಮಾಡಿಸಿ, ಹುಳಿ ಜಾಸ್ತಿಯಿದ್ದರೆ ಸುಣ್ಣ ಹಾಕುವುದು ಅಲ್ಲಿ ಮಾಮೂಲು. ಅದೇ ತೋಟದ ಮನೆಯ ಈಜುಕೊಳಕ್ಕೆ ಮಾತ್ರ ಎಲ್ಲದಕ್ಕೂ ಕ್ಲೋರಿನ್ನೇ ಮದ್ದು. ನೀರು ಹಸಿರಾಯಿತೇ? ಇನ್ನೊಂದಿಷ್ಟು ಸುರಿ!

ಸುರಿದದ್ದೆಲ್ಲ ಕೆಲಸ ಮಾಡುವುದಿಲ್ಲ. ಕ್ಲೋರಿನ್ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಹೈಪೋಕ್ಲೋರಸ್ ಆಮ್ಲ ಕ್ರಿಮಿಗಳನ್ನು ಬೇಗ ಕೊಲ್ಲುತ್ತದೆ, ಹೈಪೋಕ್ಲೋರೈಟ್ ತೀರಾ ಮಂದ. ಯಾವುದು ಎಷ್ಟಿರಬೇಕೆಂದು ತೀರ್ಮಾನಿಸುವುದು ಪಿಎಚ್. 7.5ರ ಹತ್ತಿರ ಎರಡೂ ಹೆಚ್ಚುಕಡಿಮೆ ಅರ್ಧರ್ಧ. 8ಕ್ಕೆ ಏರಿದರೆ ಚುರುಕಿನದು ಕಾಲು ಭಾಗ ಉಳಿಯುತ್ತದೆ. 7ಕ್ಕಿಂತ ಕೆಳಗಿಳಿದರೆ ಗಾರೆ ಸವೆಯುತ್ತದೆ, ಲೋಹ ತುಕ್ಕು ಹಿಡಿಯುತ್ತದೆ. ಹಾಗಾಗಿ 7.2ರಿಂದ 7.8ರ ಒಳಗಿದ್ದರೆ ಒಳ್ಳೆಯದು.

ಪರೀಕ್ಷೆ ಸುಲಭ. ಮೊಣಕೈ ಮುಳುಗುವಷ್ಟು ಆಳದಿಂದ ನೀರು ತೆಗೆದು, ಕಿಟ್‌ನಲ್ಲಿರುವ ಫೀನಾಲ್ ರೆಡ್ ಹನಿಗಳನ್ನು ಹಾಕಿ. ಹಳದಿಯಾದರೆ ಪಿಎಚ್ ಕಡಿಮೆ, ಕಡುಗೆಂಪಾದರೆ ಜಾಸ್ತಿ. ಕ್ಲೋರಿನ್ ಸುರಿದ ತಕ್ಷಣ ನೋಡಬೇಡಿ, ಬಣ್ಣ ಸುಳ್ಳು ಹೇಳುತ್ತದೆ.

ಆದರೆ ಕೊಡಗಿನಲ್ಲಿ ಪಿಎಚ್ ಒಂದನ್ನೇ ನೋಡಿದರೆ ಸಾಲದು. ಮಳೆನೀರು ಸ್ವಲ್ಪ ಹುಳಿಯೇ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಅದರ ಪಿಎಚ್ ಸುಮಾರು 5.6 ಇರುತ್ತದೆ. ಈ ಹುಳಿಗೆ ಹೆದರಬೇಕಿಲ್ಲ, ಅದು ಬಹಳ ದುರ್ಬಲ. ತೊಂದರೆ ಬೇರೆ. ಮಳೆನೀರಿನಲ್ಲಿ ಬೈಕಾರ್ಬೊನೇಟ್ ಎಂಬ ಲವಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಜೂನ್, ಜುಲೈನಲ್ಲಿ ಕೊಳ ತುಂಬಿ ಹರಿದಾಗ ಹಳೆ ನೀರಿನ ಬೈಕಾರ್ಬೊನೇಟೂ ಕೊಚ್ಚಿಹೋಗುತ್ತದೆ. ಆಸಿಡ್ ಬಿದ್ದರೆ ತಾನು ನುಂಗಿಕೊಂಡು ಪಿಎಚ್ ಅನ್ನು ಹಿಡಿದಿಡುವುದೇ ಅದು. ಅದು ಹೋದ ಮೇಲೆ ಒಂದು ಮಗ್ ಆಸಿಡ್‌ಗೇ ಪಿಎಚ್ ಪಾತಾಳಕ್ಕೆ ಇಳಿಯುತ್ತದೆ, ಸ್ವಲ್ಪ ವಾಷಿಂಗ್ ಸೋಡಾಗೆ ಮೇಲಕ್ಕೆ ಜಿಗಿಯುತ್ತದೆ.

ಈ ಹಿಡಿತದ ಅಳತೆಯೇ ಕಿಟ್‌ನಲ್ಲಿರುವ 'ಟೋಟಲ್ ಆಲ್ಕಲಿನಿಟಿ'. ಲೀಟರಿಗೆ 80ರಿಂದ 120 ಮಿಲಿಗ್ರಾಂ ಇರಬೇಕು. ಕಡಿಮೆಯಿದ್ದರೆ ಮೊದಲು ಅದನ್ನು ಸರಿಮಾಡಿ, ಪಿಎಚ್ ಆಮೇಲೆ. ಇದಕ್ಕೆ ಅಡುಗೆ ಸೋಡಾ ಸಾಕು, ಅದೂ ಬೈಕಾರ್ಬೊನೇಟೇ. 10,000 ಲೀಟರಿಗೆ ಸುಮಾರು 170 ಗ್ರಾಂ ಹಾಕಿದರೆ 10 ಮಿಲಿಗ್ರಾಂ ಏರುತ್ತದೆ. 50,000 ಲೀಟರಿನ ಕೊಳವನ್ನು 50ರಿಂದ 80ಕ್ಕೆ ತರಲು ಎರಡೂವರೆ ಕಿಲೋ ಬೇಕು. ಅದರಿಂದ ಪಿಎಚ್ ಹೆಚ್ಚೇನೂ ಜಿಗಿಯುವುದಿಲ್ಲ.

ಆಮೇಲೂ ಪಿಎಚ್ ಕಡಿಮೆಯಿದ್ದರೆ ವಾಷಿಂಗ್ ಸೋಡಾ, ಜಾಸ್ತಿಯಿದ್ದರೆ ಹೈಡ್ರೋಕ್ಲೋರಿಕ್ ಆಸಿಡ್. ಪಂಪ್ ಓಡುತ್ತಿರಲಿ. ಬೇಕೆನಿಸಿದ್ದರಲ್ಲಿ ಅರ್ಧ ಹಾಕಿ, ಕೆಲವು ಗಂಟೆ ಬಿಟ್ಟು ಮತ್ತೆ ನೋಡಿ. ಬಕೆಟ್ ನೀರಿಗೆ ಆಸಿಡ್ ಸುರಿಯಬೇಕೇ ಹೊರತು ಆಸಿಡ್‌ಗೆ ನೀರನ್ನಲ್ಲ. ಬ್ಲೀಚಿಂಗ್ ಪೌಡರ್ ಕಲಸಿದ ಬಕೆಟ್ಟಂತೂ ಬೇಡವೇ ಬೇಡ. ಎರಡೂ ಸೇರಿದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಹೊರಬರುತ್ತದೆ.