ಟ್ಯಾಂಕ್ ಹತ್ತುವ ಮೊದಲು ರಸ್ತೆ ಆಗಬೇಕಿತ್ತು

ಯುದ್ಧದ ಪುಸ್ತಕಗಳ ಹಸ್ತಪ್ರತಿ ತಿದ್ದುವುದು ನನ್ನ ಕೆಲಸ. ಜನರಲ್ ತಿಮ್ಮಯ್ಯನವರ ಬಗ್ಗೆ ಬರೆದು ತರುವವರೆಲ್ಲ, 1947-48ರ ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ಕಾಶ್ಮೀರದಿಂದ ಲಡಾಖ್‌ಗೆ ದಾಟುವ ಜೋಜಿಲಾ ಕಣಿವೆಗೆ ಬಂದ ಕೂಡಲೇ ಒಂದೇ ಚಿತ್ರ ಬರೆಯುತ್ತಾರೆ. ಸುತ್ತ ಹಿಮ, ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯ, ಕಣಿವೆ ನಮ್ಮದು. ಅರ್ಧ ಪುಟಕ್ಕೆ ಮುಗೀತು. ಓದಿ ನನಗೆ ಸಂಕಟವಾಗುತ್ತದೆ.

ಅದು ಸುಳ್ಳಲ್ಲ. 1948ರ ನವೆಂಬರ್ 1ರಂದು ಅವರು ಮುಂದಿನ ಟ್ಯಾಂಕಿನಲ್ಲೇ ಇದ್ದರು. ಇಡೀ ಡಿವಿಷನ್ನಿನ ಹೊಣೆ ಹೊತ್ತ ಮೇಜರ್ ಜನರಲ್ ಅಲ್ಲಿಗೆ ಹೋಗಲೇಬೇಕು ಅಂತೇನೂ ಇರಲಿಲ್ಲ. ಮಡಿಕೇರಿಯಲ್ಲಿ ಹುಟ್ಟಿದವರ ಈ ಕಥೆಯನ್ನು ಕೊಡಗಿನವರು ಹೆಮ್ಮೆಯಿಂದ ಹೇಳಲಿ, ನಾನೂ ಹೇಳುತ್ತೇನೆ. ಆದರೆ 11,500 ಅಡಿ ಎತ್ತರಕ್ಕೆ ಟ್ಯಾಂಕ್ ಹೋಗಿದ್ದಾದರೂ ಹೇಗೆ? ಅದನ್ನು ಕೇಳಬೇಕಲ್ವಾ?

ಸೆಪ್ಟೆಂಬರ್‌ನಲ್ಲಿ ಕಾಲ್ದಳದ ದಾಳಿ ಸೋತಿತ್ತು. ಹಿಮ ಜಾಸ್ತಿಯಾದರೆ ಲಡಾಖಿನ ಲೇಹ್‌ಗೆ ಹೋಗುವ ದಾರಿಯೇ ಮುಚ್ಚುತ್ತದೆ. ಆಗ 7ನೇ ಲೈಟ್ ಕ್ಯಾವಲ್ರಿ ಎಂಬ ಟ್ಯಾಂಕ್ ದಳದ ಸ್ಟುವರ್ಟ್ ಟ್ಯಾಂಕ್‌ಗಳನ್ನು ಮೇಲೆ ತರುವ ತೀರ್ಮಾನವಾಯಿತು. ಜಮ್ಮುವಿನಿಂದ ಬರುವ ದಾರಿಯಲ್ಲಿ ಸೇತುವೆಗಳು ಗಟ್ಟಿ ಇರಲಿಲ್ಲ, ಶತ್ರುವಿಗೆ ಸುಳಿವೂ ಸಿಗಬಾರದು, ಹಾಗಾಗಿ ಟರೆಟ್, ಅಂದರೆ ಫಿರಂಗಿ ಇರುವ ಮೇಲಿನ ಗೋಪುರ, ಬಿಚ್ಚಿ ಬೇರೆ ಸಾಗಿಸಿ ಆಮೇಲೆ ಮತ್ತೆ ಕೂರಿಸಿದರು. ಕಣಿವೆಯ ಬುಡದ ಬಾಲ್ಟಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಓಡಾಡುವ ಹಾದಿ. ಆ ಚಳಿಯಲ್ಲಿ ಬಂಡೆ ಒಡೆದು ಅದನ್ನು ಟ್ಯಾಂಕ್ ಹಿಡಿಯುವಷ್ಟು ಅಗಲ ಮಾಡಿದವರು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ.

ಇದನ್ನೆಲ್ಲ ಸೇರಿಸಿ ಅಂದರೆ ಲೇಖಕರು ಬೇಜಾರಾಗುತ್ತಾರೆ. ಒಬ್ಬ ಮೇಷ್ಟ್ರು ನನ್ನೆದುರೇ, "ಸುಮ್ನೆ ತಿಮ್ಮಯ್ಯನವರನ್ನು ಚಿಕ್ಕವರನ್ನಾಗಿ ಮಾಡ್ತೀರಲ್ಲ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅವರ ಪ್ರೀತಿ ದೊಡ್ಡದು, ನಾನು ಗದರಲಾರದೆ ಹೋದೆ. ಸಮಾಧಾನವಾಗಿ ಹೇಳಿದೆ. ಮೇಷ್ಟ್ರೇ, ಟ್ಯಾಂಕ್ ಅಷ್ಟು ಎತ್ತರ ಹತ್ತಬಹುದು ಅಂತ ನಂಬುವುದು, ಆಗಲ್ಲ ಅನ್ನುವವರ ಮಾತು ಕೇಳಿಯೂ ನಂಬುವುದು, ರಸ್ತೆ ಆಗುವ ತನಕ, ಹವಾಮಾನ ತಿಳಿಯಾಗುವ ತನಕ ಕಾಯುವುದು, ಸೋತರೆ ತಪ್ಪು ನನ್ನದು ಅನ್ನುವುದು, ಇದೇ ದಂಡನಾಯಕನ ಕೆಲಸ. ಟ್ಯಾಂಕಿನಲ್ಲಿ ಕೂತದ್ದು ಅದರ ಕೊನೆಯ ಒಂದು ದಿನ. ಸ್ಯಾಪರ್‌ಗಳನ್ನು ತೆಗೆದುಹಾಕಿದರೆ ತಿಮ್ಮಯ್ಯನವರ ತೀರ್ಮಾನವೂ ಪುಸ್ತಕದಿಂದ ಹೋಗುತ್ತದೆ, ಬರೀ ಧೈರ್ಯ ಉಳಿಯುತ್ತದೆ. ಅವರ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಹೇಳಲಾರೆ. ಕಾಗದಪತ್ರದಲ್ಲಿ ಇರುವಷ್ಟೇ ಹೇಳಬಲ್ಲೆ.

ಮೇಷ್ಟ್ರು ಮಾತಾಡದೆ ಎದ್ದು ಹೋದರು. ಎರಡು ತಿಂಗಳ ಮೇಲೆ ಫೋನ್ ಬಂತು. ಹಲಸೂರಿನ ಕಡೆ ಹೋಗಿ ನಿವೃತ್ತ ಸ್ಯಾಪರ್ ಒಬ್ಬರ ಜೊತೆ ಕೂತು ಬಂದರಂತೆ. ರಸ್ತೆಯ ಭಾಗವೇ ಈಗ ಆರು ಪುಟ. ಒಂದು ಸಾಲನ್ನೂ ನಾನು ಹೊಡೆದುಹಾಕಲಿಲ್ಲ.