ಅಭಿಮಾನಿ, ಆರಾಧಕರ್, ಫ್ಯಾನ್ಸ್: ಕಾಸರಗೋಡಿನ ಮೂರು ಪದಗಳು

ಯಕ್ಷಗಾನದ ಆಮಂತ್ರಣದಲ್ಲಿ ‘ಕಲಾಭಿಮಾನಿಗಳಿಗೆ ಸ್ವಾಗತ’. ಮಲಯಾಳ ಪತ್ರಿಕೆಯ ಸಿನಿಮಾ ಪುಟದಲ್ಲಿ ‘ಆರಾಧಕರ್’. ವಿಶ್ವಕಪ್ ಫುಟ್‌ಬಾಲ್ ಬಂತೆಂದರೆ ಫ್ಲೆಕ್ಸ್ ಮೇಲೆ ‘ಅರ್ಜೆಂಟೀನಾ ಫ್ಯಾನ್ಸ್’. ಮೂರೂ ಒಂದೇ ಅಲ್ವಾ? ಪೂರ್ತಿ ಅಲ್ಲ.

ಅಭಿಮಾನಕ್ಕೆ ಸಂಸ್ಕೃತದಲ್ಲಿ ಗರ್ವ ಎಂಬ ಅರ್ಥವೂ ಇದೆ. ಕನ್ನಡಕ್ಕೆ ಬಂದಾಗ ಅದಕ್ಕೆ ‘ನಮ್ಮದು’ ಎನ್ನುವ ಪ್ರೀತಿ ಸೇರಿಕೊಂಡಿತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಎಂದಿತು, ಸೇರಲಿಲ್ಲ. ಆಗೆಲ್ಲ ಇಲ್ಲಿ ಅಭಿಮಾನಿ ಎಂದರೆ ಮೊದಲು ಕನ್ನಡಾಭಿಮಾನಿ. ಸಿನಿಮಾ ಆಮೇಲೆ.

ಘಟ್ಟದ ಮೇಲೆ ರಾಜ್‌ಕುಮಾರ್ ‘ಅಭಿಮಾನಿ ದೇವರುಗಳೇ’ ಎಂದು ಕರೆದು ಲೆಕ್ಕವನ್ನೇ ತಿರುಗಿಸಿದರು. ಮಲಯಾಳದಲ್ಲಿ ಪೂಜಿಸುವವನು ಆರಾಧಕ, ಕನ್ನಡದಲ್ಲಿ ಅವನೇ ದೇವರು! ಫ್ಯಾನ್ ಎಂಬುದೂ ದೇವಸ್ಥಾನದ ಕಡೆಯಿಂದಲೇ ಬಂದದ್ದು. ಅದರ ಹಿಂದಿನ ಫೆನಾಟಿಕ್ ಪದದ ಲ್ಯಾಟಿನ್ ಬೇರು ಗುಡಿ ಎನ್ನುವ ಅರ್ಥದ್ದು. 1880ರ ದಶಕದ ಅಮೆರಿಕದಲ್ಲಿ ಬೇಸ್‌ಬಾಲ್ ನೋಡುಗರಿಗೆ ಆ ಹೆಸರು ಅಂಟಿತು.

ಯಕ್ಷಗಾನದ ಮಾತಿನ ಕೂಟವಾದ ತಾಳಮದ್ದಳೆಯ ಅಭಿಮಾನಿ ಮಾತ್ರ ಈ ಯಾವ ಗುಂಪಿಗೂ ಪೂರ್ತಿ ಸೇರುವುದಿಲ್ಲ. ವೇಷವಿಲ್ಲ, ಕುಣಿತವಿಲ್ಲ. ಹಾಡುಗಾರರಾದ ಭಾಗವತರು ಪದ್ಯ ಹಾಡುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಪಾತ್ರಗಳಾಗಿ ವಾದಕ್ಕಿಳಿಯುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಎಂದರೆ ಜನ ದೂರದಿಂದ ಬರುತ್ತಿದ್ದರು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯಾ ಎಂದು ವಾಲಿ ಕೇಳಬೇಕು, ರಾಮ ತಡವರಿಸಬಾರದು. ಕೇಳುವವರಿಗೆ ಪ್ರಸಂಗ ಬಾಯಿಪಾಠ. ಬರೆದವನೂ ಇಲ್ಲಿನದೇ ಕುಂಬಳೆಯ ಪಾರ್ತಿಸುಬ್ಬನೇ ತಾನೆ! ಹಾಗಾಗಿ ಚಪ್ಪಾಳೆ ಸುಮ್ನೆ ಸಿಗುತ್ತಿರಲಿಲ್ಲ. ‘ಇವತ್ತು ವಾಲಿ ಜಾಸ್ತಿ ಎಳೆದ’ ಎಂದು ಚಹಾದ ಹೊತ್ತಲ್ಲಿ ಮುಖಕ್ಕೇ ಹೇಳುವವರಿದ್ದರು. ಮುಂದಿನ ಕೂಟಕ್ಕೆ ಅವರೇ ಮುಂಚೆ ಬಂದು ಚಾಪೆ ಹಿಡಿಯುತ್ತಿದ್ದರು.

ಫ್ಯಾನ್ಸ್ ಎಂಬ ಪದ ಬಂದ ಮೇಲೆ ಈ ಬೈಯುವ ಸಲಿಗೆ ಕಡಿಮೆಯಾಗಿದೆ. ಅದು ಯಾವಾಗಲೂ ಬಹುವಚನ, ಯಾವಾಗಲೂ ಪರವಾಗಿ. ಈಗ ಭಾಗವತರಿಗೂ ಅಭಿಮಾನಿ ಬಳಗಗಳಿವೆ, ವಾಟ್ಸಾಪ್ ಗುಂಪುಗಳಿವೆ. ಪದ್ಯದ ತುಣುಕು ಕ್ಷಣದಲ್ಲಿ ಎಲ್ಲರ ಮೊಬೈಲ್‌ಗೆ ತಲುಪುತ್ತದೆ, ಹೊಸಬರು ಅದನ್ನು ಕೇಳಿಯೇ ಆಟಕ್ಕೆ ಬರುತ್ತಾರೆ. ಒಳ್ಳೆಯದೇ. ಆದರೆ ಆ ತುಣುಕಿನಲ್ಲಿ ವಾಲಿಯ ಪ್ರಶ್ನೆ ಇರುವುದು ಅಪರೂಪ. ‘ಇವತ್ತು ಸ್ವರ ಕೂಡಲಿಲ್ಲ’ ಎಂದು ಗುಂಪಿನಲ್ಲಿ ಬರೆದವನಿಗೆ ನೀನು ಯಾರ ಕಡೆಯವನು ಎಂದು ಕೇಳುತ್ತಾರೆ.